ಮೊದಲ 50 ತಾಸು

ಯುಗಾದಿಗೆ ಮನೆಗೆ ಬಂದ ಟ್ರ್ಯಾಕ್ಟರ್ ರೋಹಿಣಿ ಮಳೆ ಬೀಳುವ ಹೊತ್ತಿಗೂ ಹೊಸದಾಗಿಯೇ ಕಾಣುತ್ತದೆ. ಬಾನೆಟ್ಟಿಗೆ ಹಚ್ಚಿದ ಕುಂಕುಮ ಮಾಸಿರುತ್ತದೆ, ಅಷ್ಟೆ. ಮಿಶ್ರಿಕೋಟಿಯಂಥ ಊರಿನಲ್ಲಿ ಆಗಲೇ ಅದರ ಎಂಜಿನ್ ಆಯಿಲ್ ಬದಲಿಸಬೇಕು ಅಂದರೆ ಮನೆಯ ಹಿರಿಯರು ಕೇಳುವುದು ಸಹಜ: ‘ಈಗಷ್ಟ ತಂದೀವಿ, ಇಷ್ಟ ಲಗೂ ಯಾಕ?’ ಕೇಳಬೇಕಾದ ಪ್ರಶ್ನೆಯೇ ಅದು. ಏಳೆಂಟು ಲೀಟರ್ ಆಯಿಲ್, ಜೊತೆಗೆ ಫಿಲ್ಟರ್ ಅಂದರೆ ಕಂತು ಕಟ್ಟುತ್ತಿರುವ ಮನೆಗೆ ಹಗುರ ಖರ್ಚಲ್ಲ.

ಉತ್ತರ ಎಂಜಿನ್ನಿನ ಒಳಗಿದೆ. ಸಿಲಿಂಡರಿನ ಒಳಮೈಯನ್ನು ಕಾರ್ಖಾನೆಯಲ್ಲಿ ಕನ್ನಡಿಯಂತೆ ನುಣುಪು ಮಾಡುವುದಿಲ್ಲ. ಆಯಿಲ್ ಹಿಡಿದು ನಿಲ್ಲಲೆಂದು ಅಲ್ಲಿ ಬೇಕೆಂದೇ ಓರೆ ಗೀರುಗಳನ್ನು ಎಳೆದಿರುತ್ತಾರೆ. ಪಿಸ್ಟನ್ ರಿಂಗುಗಳು ಆ ಗೀರುಗಳ ಮೇಲೆ ಉಜ್ಜಿ ಉಜ್ಜಿ ತಮ್ಮ ಜಾಗ ಮಾಡಿಕೊಳ್ಳಬೇಕು. ಎರಡು ಗಟ್ಟಿ ಲೋಹಗಳು ಒಂದಕ್ಕೊಂದು ಒಗ್ಗಬೇಕಾದರೆ ಎರಡೂ ತುಸು ಸವೆಯಲೇಬೇಕು. ನನ್ನನ್ನು ಮತ್ತೆ ಮತ್ತೆ ಯೋಚನೆಗೆ ಹಚ್ಚುವುದು ಇದೇ. ಆ ಸವೆತ ದೋಷವಲ್ಲ, ಎಂಜಿನ್ನಿನ ಮುಂದಿನ ಬಲವೆಲ್ಲ ಅದರಿಂದಲೇ ಬರುತ್ತದೆ. ಆದರೆ ಉದುರಿದ ಪುಡಿ ಒಳಗೇ ಉಳಿಯಬಾರದು. ದಪ್ಪ ಕಣಗಳನ್ನು ಫಿಲ್ಟರ್ ಹಿಡಿದೀತು. ಅದಕ್ಕೂ ಸಣ್ಣವು ಆಯಿಲಿನೊಂದಿಗೆ ಸುತ್ತುತ್ತಲೇ ಇದ್ದು, ಈಗಷ್ಟೇ ಹದಕ್ಕೆ ಬಂದ ಬೇರಿಂಗನ್ನೇ ಕೊರೆಯುತ್ತವೆ.

ಅದಕ್ಕೇ ನಮ್ಮ ಕಡೆ ಓಡುವ ಬಹಳಷ್ಟು ಟ್ರ್ಯಾಕ್ಟರುಗಳಿಗೆ ಮೊದಲ ಸರ್ವಿಸ್ 50 ತಾಸಿಗೆ ಎಂದು ಕಂಪನಿಯವರು ಬರೆದಿರುತ್ತಾರೆ. ಆಮೇಲಿನದು ಸಾಮಾನ್ಯವಾಗಿ 250 ತಾಸಿಗೋ ಅದಕ್ಕೂ ತಡವಾಗಿಯೋ. ಮಾಡೆಲ್ ಬೇರೆಯಾದರೆ ಲೆಕ್ಕವೂ ಬೇರೆಯಾದೀತು, ಗಾಡಿಯ ಜೊತೆ ಕೊಟ್ಟ ಪುಸ್ತಕದ ಮಾತೇ ಕೊನೆಯದು.  

ಟ್ರ್ಯಾಕ್ಟರಿನ ವಯಸ್ಸನ್ನು ದುಡಿದ ತಾಸಿನಿಂದ ಅಳೆಯುತ್ತಾರೆ. ಅದು ಹೊಲದಲ್ಲಿ ರಂಟೆ ಎಳೆಯಲಿ, ಕಣದಲ್ಲಿ ನಿಂತಲ್ಲೇ ರಾಶಿ ಮಷೀನು ತಿರುಗಿಸಲಿ, ಮೀಟರಿನಲ್ಲಿ ತಾಸು ಏರುತ್ತಲೇ ಇರುತ್ತದೆ. ಕಲಘಟಗಿ ಕಡೆ ಕೂರಿಗೆ ಭತ್ತ, ಗೋವಿನಜೋಳ, ಸೋಯಾ ಬಿತ್ತುವ ಗಡಿಬಿಡಿಯಲ್ಲಿ ದಿನಕ್ಕೆ ಹತ್ತು ತಾಸು ಓಡಿಸಿದರೆ ಐದೇ ದಿನಕ್ಕೆ 50 ತುಂಬುತ್ತದೆ. ಬೇಸಿಗೆಯಲ್ಲಿ ನಿಧಾನ ನಡೆದ ಲೆಕ್ಕ ಮಿರಗದ ಮಳೆಗೆ ಒಮ್ಮೆಲೇ ಓಡುತ್ತದೆ. ಸರ್ವಿಸ್ ತಪ್ಪುವುದೂ ಆಗಲೇ. ಹದ ಬಿದ್ದ ಹೊಲ ಬಿಟ್ಟು ಅರ್ಧ ದಿನ ಗಾಡಿ ನಿಲ್ಲಿಸಲು ಯಾರಿಗೆ ಮನಸ್ಸಾದೀತು? ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಆ ಅರ್ಧ ದಿನ ಕೊಡಲೇಬೇಕು ಎನ್ನುತ್ತೇನೆ.

ಗೇಜ್ ಕಡ್ಡಿ ಎಳೆದು, ಆಯಿಲ್ ಕಪ್ಪಾಗಿದೆಯೋ ಇಲ್ಲವೋ ನೋಡಿ ತೀರ್ಮಾನಿಸುವವರಿದ್ದಾರೆ. ಡೀಸೆಲ್ ಎಂಜಿನ್ನಿನ ಮಸಿ ಹೊಸ ಆಯಿಲನ್ನೂ ಬೇಗನೆ ಕಪ್ಪು ಮಾಡುತ್ತದೆ; ಮಸಿಯನ್ನು ಗಂಟುಕಟ್ಟದಂತೆ ತನ್ನಲ್ಲೇ ತೇಲಿಸಿ ಹಿಡಿದಿಡುವುದು ಆಯಿಲಿನ ಕೆಲಸವೇ. ಬಣ್ಣ ನೋಡಿದರೆ ಲೋಹದ ಪುಡಿಯ ಸುದ್ದಿ ತಿಳಿಯದು. ಕಡ್ಡಿ ಮಟ್ಟವನ್ನು ಹೇಳುತ್ತದೆ, ಅದಕ್ಕಾಗಿ ದಿನಾ ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಚಾಲೂ ಮಾಡುವ ಮುಂಚೆ ನೋಡಬೇಕು.

ಹೊಸ ಹೋರಿಗೆ ನೊಗ ರೂಢಿ ಮಾಡಿಸುವ ಹಿರಿಯರು ಮೊದಲ ದಿನವೇ ತುಂಬಿದ ಬಂಡಿ ಹೂಡುತ್ತಿರಲಿಲ್ಲ, ಹಾಗಂತ ಗ್ವಾದಲಿಯಲ್ಲಿ ಕಟ್ಟಿಯೂ ಇಡುತ್ತಿರಲಿಲ್ಲ. ಮೊದಲ 50 ತಾಸಿಗೂ ಆ ನಡತೆ ಸಲ್ಲುತ್ತದೆ. ಪೂರಾ ಭಾರದ ಟ್ರೇಲರ್ ಬೇಡ, ತಾಸುಗಟ್ಟಲೆ ಸುಮ್ಮನೆ ಎಂಜಿನ್ ಚಾಲೂ ಇಡುವುದೂ ಬೇಡ. ಹದವಾದ ಕೆಲಸ ಕೊಟ್ಟರೆ ರಿಂಗುಗಳು ಚೆನ್ನಾಗಿ ಕೂರುತ್ತವೆ.

ಇಳಿಸಿದ ಹಳೆ ಆಯಿಲನ್ನು ಬದುವಿಗೋ ಹಳ್ಳಕ್ಕೋ ಚೆಲ್ಲಬೇಡಿ. ಮಣ್ಣಿಗೂ ನೀರಿಗೂ ಅದು ವಿಷ. ಡಬ್ಬಿಯಲ್ಲಿ ಹಿಡಿದು ಸರ್ವಿಸ್ ಮಾಡುವವರಿಗೇ ಒಪ್ಪಿಸಿ. ಇವತ್ತು ಕೀಲಿ ತಿರುಗಿಸುವ ಮುಂಚೆ ಒಮ್ಮೆ ಮೀಟರ್ ನೋಡಿ. 40 ದಾಟಿದ್ದರೆ, ಮಳೆ ಹಿಡಿಯುವ ಮುಂಚೆಯೇ ಮೆಕ್ಯಾನಿಕ್‌ಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ.