ತೊಲ್ಮಾಯನ ಮಗ ಯಾರು?

ಹನ್ನೆರಡು ಮಂದಿ ಅಪೊಸ್ತಲರಲ್ಲಿ ಒಬ್ಬನಾದ ಬಾರ್ತೊಲೊಮಾಯನ ಬಗ್ಗೆ ಹೊಸ ಒಡಂಬಡಿಕೆ ಹೇಳುವುದು ತೀರಾ ಕಡಿಮೆ. ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿ ಒಂದೊಂದು ಸಲ, ಅಪೊಸ್ತಲರ ಕೃತ್ಯಗಳಲ್ಲಿ ಇನ್ನೊಂದು ಸಲ, ಒಟ್ಟು ನಾಲ್ಕು ಪಟ್ಟಿಗಳಲ್ಲಿ ಅವನ ಹೆಸರು ಬರುತ್ತದೆ. ಅವನು ಆಡಿದ ಒಂದು ಮಾತಿಲ್ಲ, ಮಾಡಿದ ಒಂದು ಕೆಲಸವಿಲ್ಲ, ಯಾವ ಊರಿನವನೆಂಬ ಸುಳಿವೂ ಇಲ್ಲ. ಹೆಸರಾದರೂ ಅವನದೇ ಎನ್ನುವ ಹಾಗಿಲ್ಲ. ಅರಮಾಯಿಕ್ ಭಾಷೆಯಲ್ಲಿ ಅದಕ್ಕೆ ತೊಲ್ಮಾಯನ ಮಗ ಎಂದಷ್ಟೇ ಅರ್ಥ.

ಯೋಹಾನನ ಸುವಾರ್ತೆಯಲ್ಲಿ ಈ ಬಾರ್ತೊಲೊಮಾಯನ ಸುದ್ದಿಯೇ ಇಲ್ಲ. ಅಲ್ಲಿ ನತಾನಯೇಲನೆಂಬ ಇನ್ನೊಬ್ಬ ಬರುತ್ತಾನೆ. ಮೊದಲ ಅಧ್ಯಾಯದಲ್ಲಿ ಫಿಲಿಪ್ಪ ಅವನನ್ನು ಹುಡುಕಿಕೊಂಡು ಹೋಗಿ ಯೇಸುವಿನ ವಿಷಯ ತಿಳಿಸಿದಾಗ, ನಜರೇತಿನ ಹೆಸರು ಕೇಳುತ್ತಲೇ ಅವನು ಮೂಗು ಮುರಿಯುತ್ತಾನೆ. ಆದರೂ ಎದ್ದು ಬರುತ್ತಾನೆ. ಎದುರಿಗೆ ಬರುತ್ತಿರುವವನನ್ನು ನೋಡಿ ಯೇಸು, ಕಪಟವಿಲ್ಲದ ಮನುಷ್ಯ ಎಂದು ಹೊಗಳುತ್ತಾನೆ. ಅಂಜೂರದ ಮರದ ಕೆಳಗೆ ಇದ್ದಾಗಲೇ ನಿನ್ನನ್ನು ಕಂಡಿದ್ದೆ ಎನ್ನುತ್ತಾನೆ. ಆ ಮರದ ಕೆಳಗೆ ಏನು ನಡೆದಿತ್ತೆಂದು ಸುವಾರ್ತೆ ಹೇಳುವುದಿಲ್ಲ. ಅದು ಅವರಿಬ್ಬರಿಗೆ ಮಾತ್ರ ಗೊತ್ತು. ಅಷ್ಟಕ್ಕೇ ನತಾನಯೇಲನ ಅನುಮಾನ ಕರಗಿಹೋಗುತ್ತದೆ. ಕೆಲವೇ ವಾಕ್ಯಗಳಲ್ಲಿ ಸಿಡುಕು, ಪ್ರಾಮಾಣಿಕತೆ, ಬೆರಗು ಎಲ್ಲ ಇರುವ ಜೀವಂತ ಮನುಷ್ಯನೊಬ್ಬ ನಮ್ಮೆದುರು ನಿಲ್ಲುತ್ತಾನೆ. ಆದರೆ ಹನ್ನೆರಡು ಮಂದಿಯ ಯಾವ ಪಟ್ಟಿಯಲ್ಲೂ ಅವನಿಗೆ ಜಾಗವಿಲ್ಲ.

ಒಬ್ಬನಿಗೆ ಹೆಸರಿದೆ, ಕಥೆಯಿಲ್ಲ. ಇನ್ನೊಬ್ಬನಿಗೆ ಕಥೆಯಿದೆ, ಪಟ್ಟಿಯಲ್ಲಿ ಸ್ಥಾನವಿಲ್ಲ. ಇಬ್ಬರೂ ಒಬ್ಬನೇ ಎಂದುಬಿಡುವ ಆಸೆ ಸಹಜ. 9ನೇ ಶತಮಾನದ ಸಿರಿಯಾಕ್ ವ್ಯಾಖ್ಯಾನಕಾರ ಮರ್ವ್‌ನ ಈಶೋದಾದ್ ಹಾಗೆಂದ. 12ನೇ ಶತಮಾನದಲ್ಲಿ ಜರ್ಮನಿಯ ಡಾಯ್ಟ್ಸ್‌ನ ರೂಪರ್ಟ್ ಕೂಡ ಅದನ್ನೇ ಹೇಳಿದ. ಅವರ ವಾದ ಹಗುರವಾದುದಲ್ಲ. ಮೂರು ಸುವಾರ್ತೆಗಳ ಪಟ್ಟಿಯಲ್ಲೂ ಬಾರ್ತೊಲೊಮಾಯ ಬರುವುದು ಫಿಲಿಪ್ಪನ ಬೆನ್ನಿಗೆ. ನತಾನಯೇಲನನ್ನು ಕರೆತಂದವನೂ ಫಿಲಿಪ್ಪನೇ. ತೊಲ್ಮಾಯನ ಮಗನಿಗೆ ಸ್ವಂತದ್ದೊಂದು ಹೆಸರು ಇದ್ದೇ ಇರಬೇಕು, ಅದು ನತಾನಯೇಲ ಯಾಕಾಗಬಾರದು?

ಆಗಬಹುದು. ಆದರೆ ಆಗಬಹುದು ಎನ್ನುವುದಕ್ಕೂ ಆಗಿದೆ ಎನ್ನುವುದಕ್ಕೂ ನಡುವಿನ ಅಂತರವನ್ನು ನಾವು ತುಂಬಾ ಸಲೀಸಾಗಿ ದಾಟಿಬಿಟ್ಟಿದ್ದೇವೆ. ಕೃತ್ಯಗಳ ಪಟ್ಟಿಯಲ್ಲಿ ಫಿಲಿಪ್ಪನ ಪಕ್ಕದಲ್ಲಿರುವವನು ತೋಮ, ಬಾರ್ತೊಲೊಮಾಯನಲ್ಲ. 2ನೇ ಶತಮಾನದ ‘ಅಪೊಸ್ತಲರ ಪತ್ರ’ ಎಂಬ ಬರಹ ಇಬ್ಬರನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ (ಅದು ಒಬ್ಬನೇ ಆದ ಪೇತ್ರನನ್ನೂ ಕೇಫನನ್ನೂ ಇಬ್ಬರೆಂದು ಎಣಿಸುತ್ತದೆ, ಹಾಗಾಗಿ ಅದರ ಮೇಲೆ ಹೆಚ್ಚು ಭಾರ ಹಾಕುವಂತಿಲ್ಲ). ಸಂತ ಅಗಸ್ಟೀನನ ಪ್ರಕಾರ ನತಾನಯೇಲ ಹನ್ನೆರಡು ಮಂದಿಗೆ ಸೇರಿದವನೇ ಅಲ್ಲ. ಅವನು ಧರ್ಮಶಾಸ್ತ್ರ ಬಲ್ಲವನು, ಯೇಸು ಆರಿಸಿಕೊಂಡದ್ದು ಓದುಬರಹವಿಲ್ಲದವರನ್ನು ಎನ್ನುವುದು ಅವನು ಕೊಡುವ ಕಾರಣ. ಗ್ರೀಕ್ ಸಂಪ್ರದಾಯದ ಒಂದು ಕವಲು ಇದೇ ನತಾನಯೇಲನನ್ನು ಸಿಮೋನನೆಂಬ ಮತ್ತೊಬ್ಬ ಅಪೊಸ್ತಲನೊಂದಿಗೆ ಸೇರಿಸಿದೆ. ಒಂದೇ ಕಥೆಯನ್ನು ಇಬ್ಬರು ಅಪೊಸ್ತಲರಿಗೆ ತೊಡಿಸಬಹುದಾದರೆ, ಅದು ಯಾರ ಅಳತೆಗೂ ಹೊಲಿದದ್ದಲ್ಲ ಎಂದೇ ಅರ್ಥ.

ಈ ಜೋಡಣೆಯ ಹಿಂದೆ ಕೆಲಸ ಮಾಡುತ್ತಿರುವುದು ಸಾಕ್ಷ್ಯಕ್ಕಿಂತ ಹೆಚ್ಚಾಗಿ ಹನ್ನೆರಡು ಎಂಬ ಸಂಖ್ಯೆ ಎಂದು ನನಗನ್ನಿಸುತ್ತದೆ. ಇಸ್ರಾಯೇಲಿನ ಹನ್ನೆರಡು ಕುಲಗಳನ್ನು ನೆನಪಿಸುವ ಆ ಎಣಿಕೆ ಆದಿ ಸಭೆಗೆ ಬಹಳ ಮುಖ್ಯವಾಗಿತ್ತು. ಯೇಸು ಅಷ್ಟು ಆಪ್ತವಾಗಿ ಕರೆದವನು ಹನ್ನೆರಡರ ಹೊರಗೆ ಇರಲಾರ ಎಂಬುದು ಜೋಡಿಸುವವರ ನಂಬಿಕೆ. ಆದರೆ ಕೃತ್ಯಗಳ ಮೊದಲ ಅಧ್ಯಾಯವೇ ಇದಕ್ಕೆ ಉತ್ತರ ಕೊಡುತ್ತದೆ. ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗ ತುಂಬಲು ಪೇತ್ರ ಇಡುವ ಷರತ್ತು, ಸ್ನಾನಿಕ ಯೋಹಾನನ ದೀಕ್ಷಾಸ್ನಾನದ ಕಾಲದಿಂದಲೂ ಜೊತೆಗಿದ್ದವನಾಗಿರಬೇಕು ಎಂದು. ಅಂಥ ಇಬ್ಬರು ಸಿಗುತ್ತಾರೆ: ಬಾರ್ಸಬನೆಂದು ಕರೆಯಲಾಗುತ್ತಿದ್ದ ಯೋಸೇಫ ಮತ್ತು ಮತ್ತೀಯ. ಚೀಟು ಮತ್ತೀಯನ ಹೆಸರಿಗೆ ಬೀಳುತ್ತದೆ. ಅಂದರೆ ಮೊದಲಿನಿಂದ ಕೊನೆಯವರೆಗೂ ಯೇಸುವಿನೊಂದಿಗೆ ನಡೆದು, ಪಟ್ಟಿಯ ಹೊರಗೇ ಉಳಿದ ಜನ ಇದ್ದರು. ಸುವಾರ್ತೆ ಬರೆದ ಯೋಹಾನನಂತೂ ಹನ್ನೆರಡರ ಪಟ್ಟಿಯನ್ನೇ ಕೊಡುವುದಿಲ್ಲ. ಅವನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ತಿಬೇರಿಯ ಸಮುದ್ರದ ಹತ್ತಿರ ಸೇರಿದವರಲ್ಲಿ ಸೀಮೋನ ಪೇತ್ರ, ತೋಮ, ಕಾನಾ ಊರಿನ ನತಾನಯೇಲ, ಜೆಬೆದಾಯನ ಮಕ್ಕಳು ಇದ್ದಾರೆ. ಅವರ ಜೊತೆ ಇನ್ನಿಬ್ಬರು ಶಿಷ್ಯರೂ ಇದ್ದಾರೆ, ಅವರ ಹೆಸರನ್ನು ಅವನು ಹೇಳುವುದಿಲ್ಲ. ಹೆಸರಿಲ್ಲದವರನ್ನು ಹಾಗೆಯೇ ಬಿಡುವ ಧೈರ್ಯ ಆ ಲೇಖಕನಿಗಿತ್ತು.

ಇಲ್ಲಿ ಎರಡು ಬಗೆಯ ತಪ್ಪು ಸಾಧ್ಯ. ಒಬ್ಬನನ್ನೇ ಇಬ್ಬರೆಂದು ತಿಳಿದರೆ ಬಾರ್ತೊಲೊಮಾಯನಿಗೆ ಸಲ್ಲಬೇಕಾದ ಮಾತುಗಳು ಅವನಿಗೆ ಸಲ್ಲದೆ ಹೋಗುತ್ತವೆ. ಅದು ನಷ್ಟವೇ. ಆದರೆ ಮಾತುಗಳು ಎಲ್ಲಿಗೂ ಹೋಗಿರುವುದಿಲ್ಲ, ನಾಳೆ ಗಟ್ಟಿ ಸಾಕ್ಷ್ಯ ಸಿಕ್ಕರೆ ಸೇರಿಸಬಹುದು. ಇಬ್ಬರನ್ನು ಒಬ್ಬನೆಂದು ತಿಳಿದರೆ ಹಾಗಲ್ಲ. ಬದುಕಿದ್ದ ಒಬ್ಬ ಮನುಷ್ಯನ ಅನುಭವವನ್ನು ಕಿತ್ತು ಇನ್ನೊಬ್ಬನ ಲೆಕ್ಕಕ್ಕೆ ಬರೆದಂತಾಗುತ್ತದೆ. ಆಮೇಲೆ ಕಳೆದುಹೋದವನನ್ನು ಯಾರೂ ಹುಡುಕುವುದಿಲ್ಲ, ಕಳೆದುಹೋಗಿದ್ದಾನೆಂದೇ ಯಾರಿಗೂ ತಿಳಿದಿರುವುದಿಲ್ಲ. ತಮ್ಮ ಪರವಾಗಿ ಮಾತಾಡಲಾರದ ಸತ್ತವರ ವಿಷಯದಲ್ಲಿ ತಿದ್ದಿಕೊಳ್ಳಬಹುದಾದ ತಪ್ಪನ್ನೇ ಆರಿಸಿಕೊಳ್ಳುವುದು ನ್ಯಾಯ.

ಹಾಗಾದರೆ ಭಕ್ತರ ಗತಿಯೇನು, ಏನೂ ತಿಳಿಯದ ಒಬ್ಬನನ್ನು ಪ್ರಾರ್ಥಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ತತ್ತ್ವಜ್ಞಾನಿ ಸೋಲ್ ಕ್ರಿಪ್ಕಿ 1970ರ ತನ್ನ ಪ್ರಿನ್ಸ್‌ಟನ್ ಉಪನ್ಯಾಸಗಳಲ್ಲಿ ಹೇಳಿದ್ದು ಇಲ್ಲಿ ಒದಗುತ್ತದೆ. ಹೆಸರೊಂದು ವ್ಯಕ್ತಿಯನ್ನು ಮುಟ್ಟುವುದು ನಮಗೆ ಗೊತ್ತಿರುವ ಸಂಗತಿಗಳ ಬಲದಿಂದಲ್ಲ, ಮೊದಲು ಹೆಸರಿಟ್ಟವರಿಂದ ಬಾಯಿಂದ ಬಾಯಿಗೆ ಇಳಿದು ಬಂದ ಸರಪಳಿಯ ಬಲದಿಂದ ಎನ್ನುತ್ತಾನೆ ಆತ. ಬೈಬಲ್ಲಿನ ಯೋನನ ಉದಾಹರಣೆಯನ್ನೂ ಕೊಡುತ್ತಾನೆ: ಅವನ ಬಗೆಗಿನ ಕಥೆಗಳೆಲ್ಲ ಸುಳ್ಳಾದರೂ ಅವು ಒಬ್ಬ ನಿಜವಾದ ಪ್ರವಾದಿಯ ಬಗ್ಗೆಯೇ ಹುಟ್ಟಿದ ಕಥೆಗಳಾಗಿರಬಹುದು. ಬಾರ್ತೊಲೊಮಾಯನನ್ನು ಆರ್ಮೇನಿಯದಲ್ಲಿ ಚರ್ಮ ಸುಲಿದು ಕೊಂದರೆಂಬ ಪ್ರತೀತಿ ಇದೆ. ಮಿಲಾನಿನ ಮಹಾದೇವಾಲಯದಲ್ಲಿ ಮಾರ್ಕೊ ದಗ್ರಾತೆ 1562ರಲ್ಲಿ ಕಡೆದ ಮೂರ್ತಿಯಲ್ಲಿ ಅವನು ಸುಲಿದ ತನ್ನ ಚರ್ಮವನ್ನೇ ಹೊದ್ದು ನಿಂತಿದ್ದಾನೆ. ಸ್ನಾಯು, ನರಗಳೆಲ್ಲ ಬಯಲಾಗಿವೆ. ಆ ಸಾವು ನಡೆದದ್ದೇ ಸುಳ್ಳಾದರೂ ಮೂರ್ತಿಯ ಎದುರು ಮೊಣಕಾಲೂರಿದವಳ ಪ್ರಾರ್ಥನೆ ತೊಲ್ಮಾಯನ ಮಗನಿಗೇ ಸಲ್ಲುತ್ತದೆ, ಹೆಸರಿನ ಸರಪಳಿ ತುಂಡಾಗಿಲ್ಲ. ಭಕ್ತಿಗೆ ಎರವಲು ಜೀವನಚರಿತ್ರೆಯ ಅಗತ್ಯವಿಲ್ಲ.

ನಮ್ಮ ಕಡೆಗೂ ಈ ಮಾತು ತಾಗುತ್ತದೆ. ಅಲೆಕ್ಸಾಂಡ್ರಿಯದ ಪಂತೇನಸ್ 2ನೇ ಶತಮಾನದ ಕೊನೆಯಲ್ಲಿ ಇಂಡಿಯಾಕ್ಕೆ ಹೋಗಿದ್ದನಂತೆ, ಬಾರ್ತೊಲೊಮಾಯ ಬಿಟ್ಟುಹೋದ ಹೀಬ್ರೂ ಲಿಪಿಯ ಮತ್ತಾಯನ ಸುವಾರ್ತೆಯನ್ನು ಅಲ್ಲಿ ಕಂಡನಂತೆ ಎಂದು 4ನೇ ಶತಮಾನದ ಯುಸೇಬಿಯಸ್ ಬರೆದಿದ್ದಾನೆ. ಆಗಿನವರ ಬಾಯಲ್ಲಿ ಇಂಡಿಯಾ ಎಂದರೆ ಅರೇಬಿಯವೂ ಆಗಬಹುದಿತ್ತು, ಇಥಿಯೋಪಿಯವೂ ಆಗಬಹುದಿತ್ತು. ಊರಿನ ಹೆಸರು ಸಿಕ್ಕಲ್ಲೂ ಗುರುತು ಅಷ್ಟೇ ಅನಿಶ್ಚಿತ: 6ನೇ ಶತಮಾನದ ವರ್ತಕ ಕೊಸ್ಮಾಸ್ ಪರ್ಷಿಯದಿಂದ ನೇಮಕಗೊಂಡ ಬಿಷಪ್ ಇದ್ದನೆಂದು ಹೇಳುವ ‘ಕಲ್ಲಿಯಾನ’ವನ್ನು ಕೆಲವರು ಮುಂಬಯಿ ಹತ್ತಿರದ ಕಲ್ಯಾಣ ಎನ್ನುತ್ತಾರೆ, ಕೆಲವರು ಉಡುಪಿಯ ಕಲ್ಯಾಣಪುರ ಎನ್ನುತ್ತಾರೆ. ಕರಾವಳಿಯ ಕ್ರೈಸ್ತರ ಹಿರಿಮೆಗೆ ಅಪೊಸ್ತಲನೇ ಬಂದಿಳಿದಿರಬೇಕಾಗಿಲ್ಲ. ಯುಸೇಬಿಯಸನ ‘ಅಂತೆ’ಯನ್ನು ‘ಹೌದು’ ಮಾಡಿಕೊಳ್ಳುವ ಆತುರ ಅವರಿಗೆ ಬೇಡ.

ಬಾರ್ತೊಲೊಮಾಯ, ನತಾನಯೇಲ ಇಬ್ಬರೂ ಒಬ್ಬನೇ ಎಂಬ ಊಹೆ ಪುಸ್ತಕದೊಳಗೇ ಇದ್ದಿದ್ದರೆ ಇಷ್ಟು ವಾದಿಸುವ ಅಗತ್ಯ ಇರಲಿಲ್ಲ. ಆಗಸ್ಟ್ 24 ಬಾರ್ತೊಲೊಮಾಯನ ಹಬ್ಬ. ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚಿನ ರೋಮನ್ ಪೂಜಾಗ್ರಂಥದಲ್ಲಿ ಆ ದಿನದ ಪಾಠ ಲೂಕನ ಪಟ್ಟಿಯಿರುವ ಭಾಗವಾಗಿತ್ತು. ಹೆಸರಷ್ಟೇ ಉಳಿದವನಿಗೆ ಅದು ತಕ್ಕದ್ದೇ ಆಗಿತ್ತು. ಈಗ ಓದುವುದು ಯೋಹಾನನ ಮೊದಲ ಅಧ್ಯಾಯವನ್ನು, ನತಾನಯೇಲನ ಕಥೆಯನ್ನು. ವರ್ಷ ವರ್ಷ ಬಲಿಪೂಜೆಯಲ್ಲಿ ಅದನ್ನು ಕೇಳುವ ಮಂಗಳೂರಿನವರಿಗೂ ಮಿಲಾನಿನವರಿಗೂ ಇಬ್ಬರೂ ಒಬ್ಬನೇ ಎಂಬುದು ಪ್ರಶ್ನೆಯಾಗಿ ಉಳಿಯುವುದಿಲ್ಲ. ಪಾಠ ಬದಲಿಸಬೇಕೆಂದು ನಾನು ಕೇಳುವುದಿಲ್ಲ, ಅದು ಸುವಾರ್ತೆಯ ಅತ್ಯಂತ ಸುಂದರ ಭಾಗಗಳಲ್ಲೊಂದು. ಓದುವ ಮೊದಲು, ಈ ಇಬ್ಬರೂ ಒಬ್ಬನೇ ಇರಬಹುದು, ಇಲ್ಲದೆಯೂ ಇರಬಹುದು ಎಂದು ಪಾದ್ರಿಗಳು ಒಂದು ಮಾತು ಹೇಳಲಿ. ಅಷ್ಟು ಕೇಳಿ ನಂಬಿಕೆ ಕಳೆದುಕೊಳ್ಳುವ ಭಕ್ತರು ಯಾರೂ ಇರಲಾರರು.