ಆರೋಪಿಯ ಪರ ಬರೆದ ಮಾತು ಸುಳ್ಳೇ?

ಜಾಮೀನು ಅರ್ಜಿಗಳನ್ನು ಓದಿದವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ಅರ್ಜಿದಾರರು ನಿರಪರಾಧಿ, ಆರೋಪಿಸಿದ ಯಾವ ಕೃತ್ಯವನ್ನೂ ಎಸಗಿಲ್ಲ, ದ್ವೇಷದಿಂದ ಅವರನ್ನು ಈ ಪ್ರಕರಣದಲ್ಲಿ ಸಿಲುಕಿಸಲಾಗಿದೆ. ಕೊಲೆಯ ಕೇಸಾಗಲಿ ಕಳವಿನದಾಗಲಿ, ಇದು ಇದ್ದೇ ಇರುತ್ತದೆ. ಬರೆಯುವ ವಕೀಲರಿಗೆ ಅದು ನಿಜವೋ ಅಲ್ಲವೋ ಬಹುಪಾಲು ಗೊತ್ತಿರುವುದಿಲ್ಲ. ಕೆಲವು ಸಲ ನಿಜವಲ್ಲವೆಂಬ ಗುಮಾನಿ ಬಲವಾಗಿಯೇ ಇರುತ್ತದೆ. ಹಾಗಿದ್ದೂ ಬರೆದರೆ ಅದು ಅಸತ್ಯವೇ? ಕಾನೂನಿನ ಬಳಿ ಉತ್ತರ ಸಿದ್ಧವಿದೆ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬ ಬಗ್ಗೆ ಸ್ವಂತ ಅಭಿಪ್ರಾಯ ಏನೇ ಇರಲಿ, ವಕೀಲ ಅವನ ಪರ ನಿಲ್ಲಬೇಕು, ಸಾಕಷ್ಟು ಸಾಕ್ಷ್ಯವಿಲ್ಲದೆ ಯಾರಿಗೂ ಶಿಕ್ಷೆಯಾಗಬಾರದೆನ್ನುವ ಕಾನೂನಿಗೇ ಅವನ ನಿಷ್ಠೆ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಇಂಥವರ ಪರ ಯಾರೂ ವಾದಿಸಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳು ಅನೂರ್ಜಿತವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2020ರಲ್ಲಿ ಹುಬ್ಬಳ್ಳಿಯ ಸಂಘ, ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಹಾಗೆ ನಿರ್ಣಯಿಸಿದಾಗ ನಮ್ಮ ಹೈಕೋರ್ಟ್ ಕಟುವಾಗಿ ಆಕ್ಷೇಪಿಸಿತು. ಆದರೆ ಕಾನೂನು ಒಪ್ಪಿದ್ದೆಲ್ಲ ಧರ್ಮವಾಗಿಬಿಡುವುದಿಲ್ಲ. ಪ್ರಶ್ನೆಯನ್ನು ಧರ್ಮದ ನೆಲೆಯಲ್ಲೇ ಎತ್ತಿಕೊಳ್ಳಬೇಕು.

ಸುಳ್ಳಿನ ಬಗ್ಗೆ ಮಾತು ಬಂದರೆ ನಮಗೆ ಮೊದಲು ನೆನಪಾಗುವವನು ದ್ರೋಣಪರ್ವದ ಧರ್ಮರಾಯ. ಅಶ್ವತ್ಥಾಮ ಸತ್ತನೆಂದು ಅವನು ಹೇಳಿದ. ಆನೆ ಎಂಬ ಮಾತು ದ್ರೋಣನ ಕಿವಿಗೆ ಬೀಳಲಿಲ್ಲ. ನೆಲದಿಂದ ನಾಲ್ಕು ಬೆರಳು ಮೇಲೆಯೇ ಓಡುತ್ತಿದ್ದ ಧರ್ಮರಾಯನ ರಥ ನೆಲಕ್ಕಿಳಿಯಿತು. ಪಾಪ ಇದ್ದದ್ದು ಎಲ್ಲಿ? ದ್ರೋಣ ಬೇರೆ ಯಾರ ಮಾತನ್ನೂ ನಂಬದೆ ಧರ್ಮರಾಯನನ್ನೇ ಕೇಳಿದ. ಈತ ಸುಳ್ಳಾಡುವವನಲ್ಲ ಎಂಬ ನಂಬಿಕೆಯೊಂದನ್ನೇ ಆಧಾರವಾಗಿಟ್ಟುಕೊಂಡು ಆಯುಧ ಕೆಳಗಿಟ್ಟ. ಮುರಿದದ್ದು ಆ ನಂಬಿಕೆ. ಜಾಮೀನು ಅರ್ಜಿಯನ್ನು ಓದುವ ನ್ಯಾಯಾಧೀಶರು ವಕೀಲರ ಮೇಲೆ ಅಂಥ ನಂಬಿಕೆ ಇಟ್ಟು ಓದುವುದಿಲ್ಲ, ಇಡಲೂ ಕೂಡದು. ಎದುರಿಗೆ ಸರ್ಕಾರಿ ಅಭಿಯೋಜಕರ ತಕರಾರು ಇರುತ್ತದೆ, ಪೊಲೀಸರ ಕೇಸ್ ಡೈರಿ ಇರುತ್ತದೆ. ಅರ್ಜಿ ವಕೀಲರ ಸಾಕ್ಷ್ಯವಲ್ಲ. ಆರೋಪ ಹೊತ್ತವನ ಬಾಯಾಗಿ ಅವರು ಆಡಿದ ಮಾತು. ‘ನಿರಪರಾಧಿ’ ಎಂದು ಅಲ್ಲಿ ಬರೆದಾಗ ಕೇಳುವ ಎಲ್ಲರಿಗೂ ತಿಳಿಯುವ ಅರ್ಥ ಇಷ್ಟೇ: ಆರೋಪವನ್ನು ನಾವು ಒಪ್ಪಿಲ್ಲ, ಹೊರಿಸಿದವರು ಸಾಬೀತುಪಡಿಸಲಿ. ಯಾರೂ ಮೋಸಹೋಗದ ಕಡೆ ವಂಚನೆಯನ್ನು ಹುಡುಕುವುದು ಕಷ್ಟ.

ಇದು ಬ್ರಿಟಿಷರಿಂದ ಬಂದ ಜಾಣತನ, ನಮ್ಮ ಧರ್ಮಶಾಸ್ತ್ರ ಇದನ್ನು ಒಪ್ಪುತ್ತಿರಲಿಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಹುರುಳಿದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರದಲ್ಲಿ ವ್ಯವಹಾರವನ್ನು, ಅಂದರೆ ವ್ಯಾಜ್ಯದ ವಿಚಾರಣೆಯನ್ನು, ದೂರು, ಉತ್ತರ, ಸಾಕ್ಷ್ಯ, ನಿರ್ಣಯ ಎಂಬ ನಾಲ್ಕು ಪಾದಗಳಾಗಿ ವಿವರಿಸುತ್ತಾನೆ. ಉತ್ತರವೂ ಒಂದು ಪಾದ, ಅದಿಲ್ಲದೆ ನಿರ್ಣಯವಿಲ್ಲ. ಒಪ್ಪಿಕೊಳ್ಳುವುದು, ನಿರಾಕರಿಸುವುದು, ಒಪ್ಪಿಯೂ ಬೇರೆ ಕಾರಣ ಕೊಡುವುದು, ಹಿಂದೆಯೇ ತೀರ್ಪಾಗಿದೆ ಎನ್ನುವುದು ಹೀಗೆ ಅದರ ಬಗೆಗಳನ್ನೂ ಎಣಿಸಿದ್ದಾರೆ. ಉತ್ತರ ದೂರನ್ನು ಪೂರ್ತಿ ವ್ಯಾಪಿಸಿರಬೇಕು, ಸಂದಿಗ್ಧವಾಗಿರಬಾರದು, ವ್ಯಾಖ್ಯಾನಕಾರನ ನೆರವಿಲ್ಲದೆ ಅರ್ಥವಾಗಬೇಕು. (ಈ ಕೊನೆಯ ಷರತ್ತನ್ನು ಇಂದು ಜಾರಿಗೆ ತಂದರೆ ನಮ್ಮ ಕೋರ್ಟುಗಳಲ್ಲಿ ಎಷ್ಟು ಅರ್ಜಿಗಳು ಉಳಿದಾವು!) ಆದರೆ ಅದೇ ಸ್ಮೃತಿ, ಹಣದ ವ್ಯಾಜ್ಯದಲ್ಲಿ ನಿರಾಕರಿಸಿದವನ ಮೇಲೆ ಬಾಕಿ ಸಾಬೀತಾದರೆ ಕೇಳಿದ ಹಣವನ್ನು ಕೊಡಿಸಿ, ಅಷ್ಟೇ ಮೊತ್ತವನ್ನು ರಾಜನಿಗೆ ದಂಡವಾಗಿಯೂ ಕಟ್ಟಿಸುತ್ತದೆ. ಸುಳ್ಳು ನಿರಾಕರಣೆಗೆ ಅಲ್ಲಿ ಬೆಲೆ ತೆರಬೇಕಿತ್ತು. ಇಂದಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 351ನೆಯ ಕಲಮು ಇದಕ್ಕೆ ತದ್ವಿರುದ್ಧ: ನ್ಯಾಯಾಧೀಶರು ಕೇಳುವ ಪ್ರಶ್ನೆಗಳಿಗೆ ಆರೋಪಿ ಪ್ರಮಾಣ ಮಾಡಬೇಕಿಲ್ಲ, ಸುಳ್ಳು ಉತ್ತರ ಕೊಟ್ಟನೆಂದು ಅವನನ್ನು ಶಿಕ್ಷಿಸುವಂತಿಲ್ಲ. ವ್ಯತ್ಯಾಸಕ್ಕೆ ಕಾರಣವಿದೆ. ಸಾಲದ ಜಗಳದಲ್ಲಿ ಇಬ್ಬರೂ ಸಮಾನರು, ಇಬ್ಬರಿಗೂ ನಿಜ ಗೊತ್ತು. ಕ್ರಿಮಿನಲ್ ಪ್ರಕರಣದಲ್ಲಿ ಒಂದು ಕಡೆ ಪೊಲೀಸು, ಪ್ರಯೋಗಾಲಯ, ಲಾಕಪ್ಪು ಎಲ್ಲವೂ ಇರುವ ಸರ್ಕಾರ. ಇನ್ನೊಂದು ಕಡೆ ಒಬ್ಬ ಮನುಷ್ಯ. ಭಾರತದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ತೀರ್ಪು ಬಾರದ ವಿಚಾರಣಾಧೀನ ಕೈದಿಗಳು. ಅವರ ನಿರಾಕರಣೆಗೆ ದಂಡ ಹಾಕುವ ಧರ್ಮ ಬಲಿಷ್ಠನ ಧರ್ಮವಾದೀತು.

ಹಾಗಾದರೆ ಕರಡು ಬರೆಯುವವರಿಗೆ ಸತ್ಯದ ಹಂಗೇ ಇಲ್ಲವೇ? ಇದೆ, ಮತ್ತು ಅದು ನಾವು ಹುಡುಕುವ ಜಾಗದಲ್ಲಿಲ್ಲ ಎಂಬುದೇ ನನ್ನ ವಾದ. ನಿರಪರಾಧಿ ಎಂಬುದು ಒಂದು ನಿಲುವು. ಅರ್ಜಿದಾರನ ತಾಯಿಗೆ ಹೃದ್ರೋಗವಿದೆ, ಆತನ ಮೇಲೆ ಹಿಂದೆ ಯಾವ ಕೇಸೂ ಇಲ್ಲ, ಇದೇ ಮೊದಲ ಜಾಮೀನು ಅರ್ಜಿ ಎಂಬವು ಸಂಗತಿಗಳು. ನಿಲುವನ್ನು ಎದುರಾಳಿ ಪ್ರಶ್ನಿಸುತ್ತಾನೆ. ಇಂಥ ಸಂಗತಿಗಳನ್ನು ನ್ಯಾಯಾಲಯ ಬಹುಮಟ್ಟಿಗೆ ನಂಬಿಯೇ ಮುಂದುವರಿಯುತ್ತದೆ. ದ್ರೋಣನ ನಂಬಿಕೆ ಇಲ್ಲಿ ನಿಜಕ್ಕೂ ಇದೆ. ಹಿಂದಿನ ಅರ್ಜಿಗಳ ವಿವರ, ಅವುಗಳ ಮೇಲಿನ ಆದೇಶ ಎಲ್ಲವನ್ನೂ ಜಾಮೀನು ಅರ್ಜಿಯಲ್ಲಿ ಕಡ್ಡಾಯವಾಗಿ ಹೇಳಬೇಕೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಆದೇಶಿಸಬೇಕಾಗಿ ಬಂದದ್ದು ಈ ನಂಬಿಕೆಗೆ ಪೆಟ್ಟು ಬಿದ್ದದ್ದರಿಂದಲೇ. ಇನ್ನೊಂದು ಅಸತ್ಯ ಇದಕ್ಕಿಂತ ನವಿರಾದದ್ದು. ಹಳೆಯ ಅರ್ಜಿಯನ್ನು ತೆರೆದು ಹೆಸರು, ಠಾಣೆ, ಅಪರಾಧ ಸಂಖ್ಯೆ ಬದಲಿಸಿದರೆ ಹೊಸದು ಸಿದ್ಧ. ಅದರಲ್ಲಿ ಒಂದೂ ಸುಳ್ಳಿರಲಿಕ್ಕಿಲ್ಲ. ಆದರೆ ಈ ಆರೋಪಿಯ ಬಗ್ಗೆ ಒಂದೂ ನಿಜವಿಲ್ಲ. ದೂರು ಕೊಡುವುದು ಎಷ್ಟು ದಿನ ತಡವಾಯಿತು, ಮಹಜರಿಗೆ ಸಹಿ ಹಾಕಿದ ಪಂಚರು ಯಾರು, ಎಫ್‌ಐಆರ್‌ನಲ್ಲಿ ಇವನ ಹೆಸರು ಇತ್ತೋ ಅಥವಾ ಸಹ ಆರೋಪಿಯ ಹೇಳಿಕೆಯಿಂದ ಆಮೇಲೆ ಬಂತೋ ಎಂಬುದನ್ನು ನೋಡದೆ ಬರೆದ ಅರ್ಜಿ ಇವನನ್ನು ಯಾರೂ ಅಲ್ಲದವನನ್ನಾಗಿ ಮಾಡುತ್ತದೆ.

ಅಪರಾಧಕ್ಕೆ ಗುರಿಯಾದವರ ಕಡೆಯಿಂದ ಬರುವ ಆಕ್ಷೇಪ ಹೆಚ್ಚು ಗಂಭೀರ. ಅತ್ಯಾಚಾರದ ಪ್ರಕರಣದ ಅರ್ಜಿಯಲ್ಲಿ ಸಂತ್ರಸ್ತೆಯ ನಡತೆಯನ್ನು ಕೆದಕುವುದೂ ‘ನಿಲುವು’ ತಾನೆ ಎಂದು ಅವರು ಕೇಳಬಹುದು. ಅಲ್ಲ. ಸಮ್ಮತಿಯ ಪ್ರಶ್ನೆಗೆ ಆಕೆಯ ನಡತೆ ಸಂಬಂಧಿಸಿದ್ದಲ್ಲವೆಂದು 2013ರ ತಿದ್ದುಪಡಿಯಿಂದ ಸಾಕ್ಷ್ಯ ಕಾನೂನೇ ಹೇಳುತ್ತಿದೆ. ಸಾಬೀತುಪಡಿಸಿ ಎನ್ನುವ ಹಕ್ಕಿನಲ್ಲಿ ಇನ್ನೊಬ್ಬರ ಮಾನ ಕಳೆಯುವ ಹಕ್ಕು ಸೇರಿಲ್ಲ.

ಉಳಿದದ್ದು ಕಗ್ಗಂಟು. ಕಕ್ಷಿದಾರ ‘ನಾನೇ ಮಾಡಿದ್ದು ಸಾರ್’ ಎಂದುಬಿಟ್ಟರೆ? ಅಭಿಪ್ರಾಯ ಅಲ್ಲಿಗೆ ಮುಗಿದು ತಿಳಿವಳಿಕೆ ಶುರುವಾಗುತ್ತದೆ. ಆಮೇಲೆ, ಘಟನೆಯ ರಾತ್ರಿ ಆತ ದಾವಣಗೆರೆಯಲ್ಲಿದ್ದ ಎಂದು ಬರೆಯುವಂತಿಲ್ಲ. ಗುರುತು ಪತ್ತೆ ಪರೇಡ್ ನಡೆದಿಲ್ಲ, ಆಯುಧ ವಶವಾಗಿಲ್ಲ, ಆದ್ದರಿಂದ ಆರೋಪ ನಿಲ್ಲುವುದಿಲ್ಲ ಎಂದು ಬರೆಯಬಹುದು. ಅದರ ಪ್ರತಿ ಅಕ್ಷರವೂ ನಿಜ. ಹೋಗಿ ಪೊಲೀಸರಿಗೆ ಹೇಳಿಬಿಡುವುದೇ ಸತ್ಯವಲ್ಲವೇ ಎಂದರೆ, ಕರ್ಣಪರ್ವದಲ್ಲಿ ಕೃಷ್ಣ ಹೇಳುವ ಕೌಶಿಕನ ಕಥೆಯಿದೆ: ಅಡಗಿದವರ ಜಾಗವನ್ನು ದರೋಡೆಕೋರರಿಗೆ ತೋರಿಸಿದ ಆ ಸತ್ಯವ್ರತಿ ಸೇರಿದ್ದು ನರಕವನ್ನು. ಅಲ್ಲಿ ಅಡಗಿದವರು ನಿರಪರಾಧಿಗಳು, ಇಲ್ಲಿ ಹಾಗಲ್ಲ. ಹೋಲಿಕೆ ಪೂರ್ತಿ ಕೂಡುವುದಿಲ್ಲ ಎಂಬುದನ್ನು ಒಪ್ಪಬೇಕು. ಅದಕ್ಕಿಂತ ಹತ್ತಿರದ್ದು ಯಾಜ್ಞವಲ್ಕ್ಯನ ಇನ್ನೊಂದು ವಿಧಿ. ನಿಜ ಹೇಳಿದರೆ ವರ್ಣಸ್ಥನೊಬ್ಬನ ಪ್ರಾಣ ಹೋಗುವುದಾದರೆ ಸಾಕ್ಷಿ ಸುಳ್ಳು ಹೇಳಬಹುದು ಎನ್ನುತ್ತಾನೆ ಅವನು. (ವರ್ಣದ ಹೊರಗಿನವರ ಪ್ರಾಣದ ಗತಿ ಏನೆಂದು ಅವನನ್ನು ಕೇಳಲೇಬೇಕು.) ಅನುಮತಿ ಕೊಟ್ಟ ಮೇಲೂ ಆ ಸಾಕ್ಷಿಯನ್ನು ಅವನು ಹಾಗೇ ಬಿಡುವುದಿಲ್ಲ, ಶುದ್ಧಿಗಾಗಿ ಸರಸ್ವತಿಗೆ ಚರು ಅರ್ಪಿಸೆನ್ನುತ್ತಾನೆ. ಮಾಡಬಹುದಾದದ್ದನ್ನು ಮಾಡಿದರೂ ಕಲೆ ಉಳಿಯಬಹುದೆಂದು ಸ್ಮೃತಿಕಾರನಿಗೆ ಗೊತ್ತಿತ್ತು. ನಮ್ಮ ವಕೀಲರ ನಿಯಮಗಳಲ್ಲಿ ಇದಕ್ಕೆ ಸಮನಾದದ್ದು ಏನೂ ಇಲ್ಲ. ಇರುವುದು ಒಳಗಿನ ಅಳುಕು ಮಾತ್ರ. ಅದು ಪೂರ್ತಿ ಹೋಗಿಬಿಟ್ಟವರೇ ದಾವಣಗೆರೆಯ ವಾಕ್ಯವನ್ನೂ ಬರೆಯತೊಡಗುತ್ತಾರೆಂಬುದು ನನ್ನ ಗುಮಾನಿ.