ಅಯೋಗ್ಯ: ಹೂಡುವವನನ್ನು ಮರೆತ ಪದ

ಅಕ್ಷರಗಳಲ್ಲಿ ಮಂತ್ರವಾಗದಂಥದ್ದು, ಬೇರುಗಳಲ್ಲಿ ಮದ್ದಾಗದಂಥದ್ದು ಹೇಗೆ ಇಲ್ಲವೋ ಹಾಗೆಯೇ ಮನುಷ್ಯರಲ್ಲಿ ಅಯೋಗ್ಯನೆಂಬವನೂ ಇಲ್ಲವೆಂದು ಸಾರಿ, ಸಿಗುವುದು ಕಷ್ಟವಾದವನು ಯೋಜಕನೆಂದು ಮುಗಿಯುವ ಸಂಸ್ಕೃತ ಸುಭಾಷಿತವೊಂದು ಕನ್ನಡ ನಾಡಿನ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದನ್ನು ಬರಿಯ ಉತ್ತೇಜನದ ಮಾತಾಗಿ ಕೇಳಿದರೆ ಅದರ ಜೀವಾಳವೇ ತಪ್ಪಿಹೋಗುತ್ತದೆ. ಏಕೆಂದರೆ ಮೂರನೆಯ ಪಾದದ ‘ಅಯೋಗ್ಯ’ವೂ ನಾಲ್ಕನೆಯ ಪಾದದ ‘ಯೋಜಕ’ವೂ ‘ಯುಜ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು, ಆ ಧಾತುವಿಗೆ ಸೇರಿಸು, ಕೂಡಿಸು, ನೊಗಕ್ಕೆ ಕಟ್ಟು ಎಂಬ ಅರ್ಥಗಳಿವೆ.

ಹೀಗೆ ನೋಡಿದಾಗ ಯೋಗ್ಯನೆಂದರೆ ಹೂಡಲು ತಕ್ಕವನು. ಅಯೋಗ್ಯತೆಯೆಂದರೆ ಎತ್ತಿಗೂ ನೊಗಕ್ಕೂ ನಡುವೆ ಕೂಡಿಬರದ ಹೊಂದಿಕೆ. ಎಡಕ್ಕೆ ಹೂಡಿ ರೂಢಿಯಾದ ಎತ್ತನ್ನು ಬಲಕ್ಕೆ ಕಟ್ಟಿದರೆ ಅದು ಕೊರಳು ಕೊಡವುತ್ತದೆ, ಸಾಲು ಬಿಟ್ಟು ಎಳೆಯುತ್ತದೆ. ಬಲ್ಲ ರೈತನು ಬಾರುಕೋಲು ಎತ್ತುವ ಮೊದಲು ಕೊರಳ ಹಗ್ಗ ಬಿಚ್ಚಿ ಮಗ್ಗುಲು ಬದಲಿಸಿ ನೋಡುತ್ತಾನೆ. ಎತ್ತು ಹೂಡುವುದು, ಬಾಣ ಹೂಡುವುದು, ಬಂಡವಾಳ ಹೂಡುವುದು ಎನ್ನುವ ಕನ್ನಡದಲ್ಲಿ ಯುಜ್ ಧಾತುವಿನ ಕೆಲಸವನ್ನು ‘ಹೂಡು’ ಎಂಬ ಕ್ರಿಯಾಪದವೇ ಮಾಡುವುದರಿಂದ, ಯೋಜಕನಿಗೆ ವ್ಯವಸ್ಥಾಪಕನೆಂದು ಅರ್ಥ ಹೇಳುವುದಕ್ಕಿಂತ ‘ಹೂಡಬಲ್ಲವನು’ ಎನ್ನುವುದೇ ಮೂಲಕ್ಕೆ ಹತ್ತಿರ.

ಬೌದ್ಧರ ಮಹಾವಗ್ಗವೆಂಬ ಗ್ರಂಥದಲ್ಲಿ ಬರುವ ವೈದ್ಯ ಜೀವಕನ ಕಥೆ, ಮದ್ದಾಗದ ಬೇರಿಲ್ಲವೆನ್ನುವ ಎರಡನೆಯ ಪಾದಕ್ಕೆ ಭಾಷ್ಯದಂತಿದೆ. ತಕ್ಷಶಿಲೆಯ ಸುತ್ತ ಒಂದು ಯೋಜನದೊಳಗೆ ಮದ್ದಲ್ಲದ್ದೇನಾದರೂ ಕಂಡರೆ ತರಬೇಕೆಂದು ಗುರು ಕಳುಹಿಸಿದಾಗ ಜೀವಕನು ಬರಿಗೈಯಲ್ಲಿ ಮರಳುತ್ತಾನೆ, ಅಲ್ಲಿಗೆ ಅವನ ವಿದ್ಯೆ ಪೂರ್ಣವಾಯಿತೆಂದು ಗುರು ಒಪ್ಪುತ್ತಾನೆ. ಜೀವಕನು ಅಳೆದ ‘ಯೋಜನ’ವೂ ಅದೇ ಯುಜ್ ಧಾತುವಿನ ಮಾತು, ಒಮ್ಮೆ ಹೂಡಿದ ಜೋಡಿ ಬಿಚ್ಚದೆ ಸಾಗುವ ದೂರ.

ಕನ್ನಡದ ಸ್ವಂತ ಮಾತುಗಳಾದ ‘ಸಲ್ಲದು’, ‘ಒಗ್ಗದು’, ‘ತಕ್ಕುದಲ್ಲ’ ಎಂಬವು ಯೋಗ್ಯತೆಯೆಂದರೆ ಹೊಂದಿಕೆ ಎಂಬ ಈ ವಿವೇಕವನ್ನು ವ್ಯಾಕರಣದಲ್ಲಿಯೇ ಕಾಪಾಡಿಕೊಂಡಿವೆ. ಯಾರಿಗೆ, ಯಾವುದಕ್ಕೆ ಎಂಬ ಚತುರ್ಥೀ ವಿಭಕ್ತಿಯ, ಎಂದರೆ ‘ಗೆ’, ‘ಕ್ಕೆ’ ಪ್ರತ್ಯಯದ ಪದವನ್ನು ಅವು ಬಯಸುತ್ತವೆ. ಕುಡಿಯುವುದಕ್ಕೆ ಯೋಗ್ಯವಲ್ಲವೆಂದು ಫಲಕ ತೂಗುಹಾಕಿದ ಬಾವಿಯ ನೀರು ತೆಂಗಿನ ಬುಡಕ್ಕೆ ಸಲ್ಲುತ್ತದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಪಕ್ಷಾಂತರ ಮಾಡಿದ ಶಾಸಕನು ‘ಅನರ್ಹ’ನಾಗುವಾಗಲೂ ಯಾವ ಸ್ಥಾನಕ್ಕೆ ಅನರ್ಹನೆಂಬುದು ಗೊತ್ತಿರುತ್ತದೆ.

ಬೈಗುಳವಾಗಿ ನಿಂತ ‘ಅಯೋಗ್ಯ’ಕ್ಕೆ ಮಾತ್ರ ಆ ಚತುರ್ಥಿ ಇಲ್ಲ. ಲೆಕ್ಕದಲ್ಲಿ ಹಿಂದೆ ಬಿದ್ದ ಹುಡುಗನನ್ನು ಹಿರಿಯರು ‘ಅಯೋಗ್ಯ’ ಎಂದು ಕರೆದಾಗ ಆ ಪದ ಅವನ ಹೆಸರಿನ ಜಾಗದಲ್ಲಿಯೇ ಕುಳಿತುಬಿಡುತ್ತದೆ, ಯಾವುದಕ್ಕೆ ಎಂದು ಅವನು ತಿರುಗಿ ಕೇಳಲು ವಾಕ್ಯದಲ್ಲಿ ಎಡೆಯೇ ಉಳಿಯುವುದಿಲ್ಲ.